ಕಿಟಕಿ ಪಕ್ಕ ಕೂತ ಅಕ್ಕ

ನಮ್ಮ ಪ್ರಿಂಟ್‌ಮೇಕಿಂಗ್ ಸ್ಟುಡಿಯೋ ಅಂದ ಕೂಡಲೇ ಮೊದಲು ನೆನಪಾಗುವುದು ಶಾಯಿಯ ವಾಸನೆ. ಆಮೇಲೆ ಅಕ್ಕ. ಸ್ಟುಡಿಯೋ ಗುಡಿಸಿ ಒರೆಸಿದ ಮೇಲೆ ಅವರು ಕಿಟಕಿ ಪಕ್ಕದ ಸ್ಟೂಲ್ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂರುತ್ತಿದ್ದರು. ಒಂದು ಕೆನ್ನೆಗೆ ಪೂರ್ತಿ ಬೆಳಕು, ಇನ್ನೊಂದು ಕಡೆ ಕತ್ತಲು. ಎರಡನೇ ವರ್ಷದ ಎಚಿಂಗ್‌ಗೆ ಅವರನ್ನೇ ಬರೆಯುತ್ತೇನೆ ಅಂದೆ. ಲೋಹದ ಪ್ಲೇಟ್ ಮೇಲೆ ಚಿತ್ರವನ್ನು ಆಸಿಡ್‌ನಿಂದ ಕೊರೆದು, ಶಾಯಿ ತುಂಬಿ ಕಾಗದಕ್ಕೆ ಒತ್ತುವುದೇ ಎಚಿಂಗ್. ಅಕ್ಕನೂ ಒಪ್ಪಿದರು, ಮೇಷ್ಟ್ರೂ ಒಪ್ಪಿದರು.

ಕೆಲಸ ಶುರು ಮಾಡುವ ಮುಂಚೆ ಮೇಷ್ಟ್ರು ಒಂದು ಚಿತ್ರ ತೋರಿಸಿದರು. ಡಚ್ ಕಲಾವಿದ ರೆಂಬ್ರಾಂಟ್ 1658ರಲ್ಲಿ ಮಾಡಿದ ಎಚಿಂಗ್. ಕೋಣೆ ಬೆಚ್ಚಗಿಡುವ ಒಲೆಯ ಪಕ್ಕ ಅರ್ಧ ಬಟ್ಟೆ ತೊಟ್ಟು ಕೂತ ಹೆಂಗಸು. ಹಿಂದೆ ದಟ್ಟ ನೆರಳು, ಮೈಮೇಲೆ ಮೆತ್ತನೆಯ ಬೆಳಕು. ಒಂದೇ ಪ್ಲೇಟನ್ನು ರೆಂಬ್ರಾಂಟ್ ತಿದ್ದಿ ತಿದ್ದಿ ಮುದ್ರಿಸಿದ್ದ. ಮೊದಲಿನ ಪ್ರತಿಗಳಲ್ಲಿ ಅವಳ ತಲೆ ಮೇಲೆ ಬಿಳಿ ಟೋಪಿ ಇದೆ, ಕೊನೆಯದರಲ್ಲಿ ಇಲ್ಲ. ಚಿತ್ರ ಸಂಗ್ರಹಿಸುವವರಿಗೆ ಎರಡೂ ಬೇಕೇ ಬೇಕಿತ್ತಂತೆ. ಲೋಹದ ಮೇಲೆ ಕೊರೆದದ್ದನ್ನೂ ಅಳಿಸಬಹುದಾ ಅಂತ ನನಗೆ ಆಶ್ಚರ್ಯ. ಅದು ನನಗೇ ಬೇಕಾಗುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಗೆರೆಗಳು ಚೆನ್ನಾಗಿ ಬಂದವು. ಕಷ್ಟ ಇದ್ದದ್ದು ನೆರಳಿನಲ್ಲಿ, ಅಂದರೆ ಅಕ್ವಾಟಿಂಟ್‌ನಲ್ಲಿ. ಸತುವಿನ ಪ್ಲೇಟ್ ಮೇಲೆ ರಾಳದ ನುಣ್ಣನೆ ಪುಡಿ ಉದುರಿಸಿ, ಕೆಳಗಿನಿಂದ ಕಾಯಿಸಿ ಅಂಟಿಸುತ್ತೇವೆ. ಎಲ್ಲಿ ಬೆಳಕು ಬೇಕೋ ಅಲ್ಲಿ ವಾರ್ನಿಷ್ ಬಳಿದು ಆಸಿಡ್‌ಗೆ ಇಳಿಸುತ್ತೇವೆ. ಬಳಿದ ಕಡೆ ಆಸಿಡ್ ಮುಟ್ಟುವುದಿಲ್ಲ, ಕಾಗದದ ಬಿಳಿ ಹಾಗೇ ಉಳಿಯುತ್ತದೆ. ತೆಗೆದು, ಇನ್ನಷ್ಟು ಭಾಗ ಮುಚ್ಚಿ, ಮತ್ತೆ ಇಳಿಸಬೇಕು. ಪುಡಿಯ ಕಣಗಳ ನಡುವೆ ಆಸಿಡ್ ಕೊರೆದು ಲೋಹ ತರಿ ತರಿಯಾಗುತ್ತದೆ, ಆ ತರಿಯಲ್ಲಿ ಶಾಯಿ ನಿಲ್ಲುತ್ತದೆ. ಜಾಸ್ತಿ ಹೊತ್ತು ಇದ್ದಷ್ಟೂ ಕಪ್ಪು ಜಾಸ್ತಿ. ನಾನು ಸೆರಗಿನ ಮಡಿಕೆಗಳನ್ನೆಲ್ಲ ಜೋಪಾನವಾಗಿ ಮುಚ್ಚಿ, ಕೆನ್ನೆಯನ್ನೇ ಮರೆತುಬಿಟ್ಟೆ. ಮೊದಲ ಪ್ರತಿ ಎತ್ತಿ ನೋಡಿದರೆ ಮುಖವೇ ಇಲ್ಲ, ಬರೀ ಕಪ್ಪು. ಅಳುವೇ ಬಂತು.

ಮೇಷ್ಟ್ರು ಬೈಯಲಿಲ್ಲ. ಬರ್ನಿಷರ್ ಕೈಗಿಟ್ಟರು. ತುದಿ ನುಣುಪಾಗಿರುವ ಉಕ್ಕಿನ ಕಡ್ಡಿ ಅದು. "ಉಜ್ಜು. ನಿಧಾನ," ಅಂದರು ಅಷ್ಟೇ. ಎರಡು ದಿನ ಒಂದು ತೊಟ್ಟು ಎಣ್ಣೆ ಹಾಕಿಕೊಂಡು ಕೆನ್ನೆ ಉಜ್ಜಿದೆ. ತರಿ ಸವೆದಷ್ಟೂ ಶಾಯಿ ಕಡಿಮೆ ನಿಲ್ಲುತ್ತದೆ. ಕಪ್ಪಿನೊಳಗಿಂದ ಬೂದು, ಬೂದಿನೊಳಗಿಂದ ಬೆಳಕು ಬಂತು. ವಾರ್ನಿಷ್ ಬಳಿದಿದ್ದರೆ ಅಷ್ಟು ಮೆತ್ತಗೆ ಬರುತ್ತಲೇ ಇರಲಿಲ್ಲ.

ಹೊಸ ಪ್ರತಿ ಹರಡಿದಾಗ ಗೆಳೆಯರೆಲ್ಲ ಸುತ್ತ ನಿಂತಿದ್ದರು. "ಅಕ್ಕನ ಮಚ್ಚೆ ಆ ಕಡೆ ಅಲ್ವಾ?" ಅಂದರು. ನಿಜ. ಪ್ಲೇಟ್‌ನಲ್ಲಿದ್ದದ್ದು ಕಾಗದದ ಮೇಲೆ ಎಡ ಬಲ ತಿರುಗಿ ಬೀಳುತ್ತದೆ, ನನಗೆ ಅದೂ ಮರೆತಿತ್ತು. ಅಕ್ಕ ಕೈ ಒರೆಸಿಕೊಂಡು ಬಂದು, ಬಗ್ಗಿ ತುಂಬಾ ಹೊತ್ತು ನೋಡಿದರು.

"ಸರಿಯಾಗೇ ಇದೆ ಕಣೋ," ಅಂದರು. "ನಾನು ದಿನಾ ಕನ್ನಡಿಯಲ್ಲಿ ನೋಡೋ ಮುಖ ಇದೇ."

ಒಂದು ಪ್ರತಿ ಅವರೇ ಇಟ್ಟುಕೊಂಡರು. ಪ್ಲೇಟ್ ನನ್ನ ಹತ್ತಿರ ಇದೆ. ಬೆರಳು ಸವರಿದರೆ ಆಸಿಡ್ ಮುಟ್ಟಿದ ಕಡೆಯೆಲ್ಲ ಈಗಲೂ ತರಿ ತರಿ, ಕೆನ್ನೆ ಒಂದು ಮಾತ್ರ ನುಣುಪು.