ಬೆನ್ನುನೋವಿನ ಹಿಂದಿದ್ದ ಹೊಲಿಗೆಯ ಗುರುತು

ಶಿರಸಿಯಲ್ಲಿ ಫಿಸಿಯೋಥೆರಪಿ ಮಾಡುವ ನನಗೆ ಅಡಿಕೆ ಕೊನೆಕೊಯ್ಲಿನ ತಿಂಗಳುಗಳ ಬೆನ್ನುನೋವು ಹೊಸದಲ್ಲ. ಮೆಟ್ಟುಗತ್ತಿಯ ಮುಂದೆ ದಿನವಿಡೀ ಬಗ್ಗಿ ಕುಳಿತು ಅಡಿಕೆ ಸುಲಿಯುವವರ ಬೆನ್ನು ನೋಯದಿದ್ದರೇ ಆಶ್ಚರ್ಯ. ಹಾಗಾಗಿ ಅರವತ್ತು ದಾಟಿದ ಅಮ್ಮನೊಬ್ಬರು ಎರಡು ಹೆಗಲೆಲುಬುಗಳ ನಡುವೆ ನೋವೆಂದು ಬಂದಾಗ ನಾನು ಕಾರಣ ಹುಡುಕುವ ಶ್ರಮವನ್ನೇ ತೆಗೆದುಕೊಳ್ಳಲಿಲ್ಲ. ಎಕ್ಸ್-ರೇ ಸರಿಯಿತ್ತು. ಹಿಂದೆ ಆಪರೇಷನ್ ಆಗಿದೆಯೇ ಎಂಬ ಪ್ರಶ್ನೆಗೆ ನಮೂನೆಯಲ್ಲಿ 'ಇಲ್ಲ' ಎಂದಿತ್ತು.

ಎರಡು ವಾರ ಶಾಖ, ನೋವಿನ ಜಾಗಕ್ಕೆ ಹಿಡಿಯುವ ಅಲ್ಟ್ರಾಸೌಂಡ್ ಚಿಕಿತ್ಸೆ, ವ್ಯಾಯಾಮ ಎಲ್ಲವೂ ನಡೆದವು. ಮಲಗಿದರೆ ನೋವು ಹೆಚ್ಚುತ್ತದೆ, ರಾತ್ರಿ ಎದ್ದು ಕೂರಬೇಕಾಗುತ್ತದೆ ಎಂದು ಅವರು ಎರಡು ಸಲ ಹೇಳಿದ್ದರು. ಸ್ನಾಯುವಿನ ನೋವು ಸಾಮಾನ್ಯವಾಗಿ ವಿಶ್ರಾಂತಿಗೆ ತಗ್ಗುತ್ತದೆ ಎಂದು ವಿದ್ಯಾರ್ಥಿಗಳಿಗೆ ಪಾಠ ಹೇಳುವ ನಾನೇ ಅದನ್ನು ಕೇಳಿಯೂ ಕೇಳದವಳಂತಿದ್ದೆ. ಮೂರನೆಯ ವಾರ ಶಾಖದ ಚೀಲ ಸರಿಸುವಾಗ ರವಿಕೆಯ ಅಂಚಿನ ಕೆಳಗೆ, ಬಲ ಹೆಗಲೆಲುಬಿನಿಂದ ಕಂಕುಳಿನತ್ತ ಬಾಗಿ ಹೋಗಿದ್ದ ತೆಳುವಾದ ಬಿಳಿ ಗೆರೆ ಕಂಡಿತು. ಅದು ಎದೆ ತೆರೆದ ಶಸ್ತ್ರಚಿಕಿತ್ಸೆಯ ಗುರುತು.

"ಅದು ಏಳು ವರ್ಷದ ಹಿಂದಿನ ಕಥೆ ತಂಗಿ. ಐದು ವರ್ಷ ತಪಾಸಣೆಗೆ ಹೋದೆ, ಇನ್ನು ಭಯ ಇಲ್ಲ ಅಂದ್ರು. ಗುಣ ಆದದ್ದನ್ನು ಯಾಕೆ ಬರೆಸ್ಲಿ?"

ಒಮ್ಮೆಯೂ ಬೀಡಿ ಸೇದದ ಅವರಿಗೆ ಆಗಿದ್ದುದು ಅಡಿನೋಕಾರ್ಸಿನೋಮಾ ಎಂಬ ಬಗೆಯ ಶ್ವಾಸಕೋಶದ ಕ್ಯಾನ್ಸರ್. ಶಸ್ತ್ರಚಿಕಿತ್ಸೆಯ ನಂತರ ಈ ಕಾಯಿಲೆ ಮರುಕಳಿಸುವುದಿದ್ದರೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷಗಳಲ್ಲೇ ಮರುಕಳಿಸುತ್ತದೆ, ನಿಜ. ಆದರೆ ಐದು ವರ್ಷವೆಂಬುದು ಲೆಕ್ಕಕ್ಕೆ ಅನುಕೂಲವಾದ ಗಡಿಯೇ ಹೊರತು ಕಾಯಿಲೆ ಒಪ್ಪಿಕೊಂಡ ಗಡಿಯಲ್ಲ. ಸುಪ್ತವಾಗಿ ಉಳಿದ ಕೆಲವೇ ಜೀವಕೋಶಗಳು ವರ್ಷಗಳ ಬಳಿಕ ಮೂಳೆ, ಮೆದುಳು, ಯಕೃತ್ತು ಅಥವಾ ಶ್ವಾಸಕೋಶದಲ್ಲೇ ಮತ್ತೆ ಬೆಳೆಯಬಹುದು. ಅದಲ್ಲದೆ ಸಂಬಂಧವೇ ಇಲ್ಲದ ಹೊಸ ಗಡ್ಡೆಯೂ ಹುಟ್ಟಬಹುದಾದ್ದರಿಂದ, ಐದು ವರ್ಷದ ನಂತರವೂ ವರ್ಷಕ್ಕೊಂದು ಸಿಟಿ ಸ್ಕ್ಯಾನ್ ಮುಂದುವರಿಸುವುದು ರೂಢಿ.

ನನ್ನನ್ನು ಹೆಚ್ಚು ಕಾಡಿದ್ದು ಆ ಎಕ್ಸ್-ರೇ. ಮೂಳೆಯ ಖನಿಜಾಂಶ ಶೇಕಡಾ 30ರಿಂದ 50ರಷ್ಟು ಕರಗುವವರೆಗೆ ಸಾದಾ ಎಕ್ಸ್-ರೇಯಲ್ಲಿ ಕೊರೆತ ಕಾಣದಿರಬಹುದು. ಅಂಥ ಮೂಳೆಯಿರುವ ಬೆನ್ನಿನ ಮೇಲೆ ನಾನು, ಕ್ಯಾನ್ಸರ್ ಇರುವ ಜಾಗಕ್ಕೆ ತಾಗಿಸಬಾರದೆಂದು ಕಲಿತಿದ್ದ ಅಲ್ಟ್ರಾಸೌಂಡ್ ಹಿಡಿದಿದ್ದೆ. ಇನ್ನಷ್ಟು ಒತ್ತಿ ತಿರುವಿದ್ದರೆ ಮುರಿತವೂ ಆಗಬಹುದಿತ್ತು.

ಅಂದೇ ಚಿಕಿತ್ಸೆ ನಿಲ್ಲಿಸಿ, ಪತ್ರ ಬರೆದು ಅವರನ್ನು ಹುಬ್ಬಳ್ಳಿಗೆ ಕಳುಹಿಸಿದೆ. ಎಂಆರ್‌ಐಯಲ್ಲಿ ಬೆನ್ನಿನ ಆರನೆಯ ಕಶೇರುಕದಲ್ಲಿ, ಅಂದರೆ ಬೆನ್ನುಮೂಳೆಯ ಮಣಿಯಲ್ಲಿ, ಗಡ್ಡೆ ಕಂಡಿತು. ಮರುಕಳಿಕೆಯೋ ಹೊಸದೋ ಎಂದು ತಿಳಿಯಲು ಹಳೆಯ ಬಯಾಪ್ಸಿ ವರದಿ ಬೇಕಾದಾಗ, ಮಗ ಮೆತ್ತಿನ ಮೇಲಿನ ಪೆಟ್ಟಿಗೆಯಿಂದ ಆ ಫೈಲು ಹುಡುಕಿ ತಂದರು. ಈಗಿನ ಗಡ್ಡೆಯಿಂದ ತೆಗೆದ ತುಣುಕು ಅದಕ್ಕೆ ಹೊಂದಿತು; ಹಳೆಯ ಕಾಯಿಲೆಯೇ ಮರುಕಳಿಸಿತ್ತು. ಗಡ್ಡೆಯ ಜೀನ್ ಪರೀಕ್ಷೆಯಲ್ಲಿ, ಕ್ಯಾನ್ಸರ್ ಬೆಳೆಯಲು ಪ್ರಚೋದಿಸುವ ಇಜಿಎಫ್‌ಆರ್ ಎಂಬ ಜೀನ್‌ನ ಬದಲಾವಣೆ ಸಿಕ್ಕಿದ್ದರಿಂದ, ಬೆನ್ನಿಗೆ ವಿಕಿರಣ ಕೊಟ್ಟ ಮೇಲೆ ಅದನ್ನು ತಡೆಯುವ ದಿನಕ್ಕೊಂದು ಮಾತ್ರೆ ಆರಂಭವಾಯಿತು.

ಈಗ ನನ್ನ ನಮೂನೆಯಲ್ಲಿ ಆಪರೇಷನ್ ಪ್ರಶ್ನೆಯ ಮುಂದೆ 'ಎಷ್ಟೇ ಹಳೆಯದಾಗಿರಲಿ, ಗುಣವಾಗಿದ್ದರೂ' ಎಂದು ಸೇರಿಸಿದ್ದೇನೆ. ಅಮ್ಮ ಕಳೆದ ವಾರ ಬಂದಾಗ ಅದನ್ನು ಓದಿ, ಇದು ತನಗಾಗಿಯೇ ಬರೆದದ್ದೆಂದು ನಕ್ಕರು.