ಮೇ 13ರ ಅಕ್ಕಿ

2018ರ ಮೇ ಮೊದಲ ವಾರ. ಮಲೇಷ್ಯಾದಲ್ಲಿ ಸಂಸತ್ತಿನ ಚುನಾವಣೆ ಹತ್ತಿರವಾಗಿತ್ತು. ಪಕ್ಕದ ಮನೆ ಆಂಟಿ ಹತ್ತು ಕಿಲೋದ ಎರಡು ಅಕ್ಕಿ ಚೀಲ, ಒಂದಷ್ಟು ಸಾರ್ಡೀನ್ ಮೀನಿನ ಡಬ್ಬಿ ತಂದು ಅಡುಗೆಮನೆಯ ಮೂಲೆಯಲ್ಲಿ ಪೇರಿಸಿದರು. ‘ನೀನೂ ತಂದಿಟ್ಟುಕೋ’ ಅಂದರು. ನಾನು ಮೈಸೂರಿನವಳು. ಕೌಲಾಲಂಪುರದ ಪಕ್ಕದ ಪೆಟಾಲಿಂಗ್ ಜಯಕ್ಕೆ ಬಂದು ಏಳು ವರ್ಷವಾಗಿತ್ತು, ಆದರೆ ಇಲ್ಲಿ ನನಗೆ ಓಟಿಲ್ಲ. ಚುನಾವಣೆಗೂ ಅಕ್ಕಿಗೂ ಏನು ಸಂಬಂಧ ಅಂತ ಕೇಳಿದೆ. ‘ಮೇ ಹದಿಮೂರು’ ಅಂದು ಸುಮ್ಮನಾದರು.

1969ರ ಮೇ 10ಕ್ಕೆ ಚುನಾವಣೆ ಆಯಿತು. ವಿರೋಧ ಪಕ್ಷಗಳು ನಿರೀಕ್ಷೆ ಮೀರಿ ಗೆದ್ದವು. ಮೂರೇ ದಿನಕ್ಕೆ ಕೌಲಾಲಂಪುರದಲ್ಲಿ ಮಲಯರಿಗೂ ಚೀನೀಯರಿಗೂ ಗಲಭೆ. ಸರ್ಕಾರಿ ಲೆಕ್ಕದಲ್ಲೇ ಸತ್ತವರು 196. ಸಂಸತ್ತು ಮತ್ತೆ ಸೇರಿದ್ದು 1971ರಲ್ಲಿ. ಗಲಭೆಯಾದಾಗ ಆಂಟಿಗೆ ಹದಿನಾಲ್ಕು. ಕೌಲಾಲಂಪುರದ ಚೌ ಕಿಟ್ ಹತ್ತಿರ ಅಪ್ಪನ ಅಂಗಡಿಯ ಅಟ್ಟದಲ್ಲಿ ಕರ್ಫ್ಯೂ ಕಳೆಯುವ ತನಕ ಎಲ್ಲರೂ ಗಂಜಿ ಕುಡಿದು ಕೂತಿದ್ದರಂತೆ. ಅಂದಿನಿಂದ ಪ್ರತಿ ಚುನಾವಣೆಗೂ ಅವರ ಮನೆಗೆ ಅಕ್ಕಿ ಬರುತ್ತದೆ.

2018ರ ಮೇ 9, ಬುಧವಾರ, ಮತದಾನದ ದಿನ. ಸಿಂಗಪುರದಿಂದ ಅವರ ಮಗ ರಾತ್ರಿ ಬಸ್ಸು ಹತ್ತಿ ಬಂದ. ಅಂಚೆ ಮತಪತ್ರ ತಡವಾಗಿ ಕೈಸೇರಿದ ಎಷ್ಟೋ ಹೊರದೇಶದ ಮತದಾರರು, ಊರಿಗೆ ಹೊರಟಿದ್ದ ಅಪರಿಚಿತರ ಕೈಗೆ ವಿಮಾನ ನಿಲ್ದಾಣಗಳಲ್ಲಿ ಲಕೋಟೆ ಕೊಟ್ಟು ಕಳಿಸಿದರು. ಗುರುತಿಲ್ಲದವರ ಕೈಗೆ ತಮ್ಮ ಓಟು! ಆ ಸುದ್ದಿ ಓದಿ ನನಗೆ ಕಣ್ಣು ತುಂಬಿತ್ತು.

ಆಂಟಿಗೆ ಓಟು ಹಾಕುವುದು ಸುಲಭವಿರಲಿಲ್ಲ. ವಿರೋಧ ಪಕ್ಷಗಳ ಮುಂದಾಳು 92 ವರ್ಷದ ಮಹಾತೀರ್. 1987ರಲ್ಲಿ ಆಂಟಿಯ ಮೆಚ್ಚಿನ, ಚೀನೀಯರ ಬೆಂಬಲ ಹೆಚ್ಚಿದ್ದ ವಿರೋಧ ಪಕ್ಷ ಡಿಎಪಿಯ ನಾಯಕರನ್ನು ವಿಚಾರಣೆಯಿಲ್ಲದೆ ಒಳಗೆ ಹಾಕಿದಾಗ ಪ್ರಧಾನಿಯಾಗಿದ್ದವರೂ ಅವರೇ. ‘ಮರೆತಿಲ್ಲ. ಆದರೂ ಹಾಕಿದೆ’ ಅಂದರು. ಪ್ರಬುದ್ಧತೆ ಅಂದರೆ ನನಗೆ ನೆನಪಾಗುವುದು ಆ ಎರಡು ಮಾತು. ಜನಾಂಗದ ರಾಜಕೀಯ ಒಂದೇ ದಿನಕ್ಕೆ ಮುಗಿಯಿತು ಅಂತ ಆಗ ಕೆಲವರು ಬರೆದರು. ನಾನು ಒಪ್ಪುವುದಿಲ್ಲ. ಮಲಯರ ಓಟು ಮೂರು ಕಡೆ ಹಂಚಿತ್ತು, ಕೆಲಂತಾನ್ ಮತ್ತು ತೆರೆಂಗಾನು ರಾಜ್ಯಗಳು ಇಸ್ಲಾಮಿಕ್ ಪಕ್ಷ ಪಾಸ್‌ನ ಪಾಲಾದವು. ಗುಮಾನಿಗಳೆಲ್ಲ ಇದ್ದಲ್ಲೇ ಇದ್ದವು. ಅವನ್ನು ಜೊತೆಗಿಟ್ಟುಕೊಂಡೇ ಜನ ಸಾಲಲ್ಲಿ ನಿಂತರು.

1957ರಿಂದ ಆಳಿದ ಪಕ್ಷಗಳ ಕೂಟ ಸೋತಿತು. ಮೇ 10ರ ರಾತ್ರಿ ಪ್ರಮಾಣವಚನ ಆಗುವವರೆಗೆ ಇಡೀ ದಿನ ಎಲ್ಲರ ಕಣ್ಣೂ ಫೋನಿನ ಮೇಲೆ. ನಮ್ಮ ಬೀದಿಯಲ್ಲಿ ಒಂದು ಕಿಟಕಿ ಗಾಜೂ ಒಡೆಯಲಿಲ್ಲ. ಮೂಲೆಯ ಮಾಮಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಎತ್ತಿ ಸುರಿದ ಹಾಲಿನ ಚಹಾ ತೆ ತಾರಿಕ್ ಎಂದಿನಂತೆ ನೊರೆಯೆದ್ದಿತ್ತು.

ಮೇ 13 ಆ ವರ್ಷ ಭಾನುವಾರ ಬಿತ್ತು. ಹಿಂದಿನ ದಿನವಷ್ಟೇ ಕರ್ನಾಟಕದಲ್ಲೂ ವಿಧಾನಸಭೆಗೆ ಮತದಾನ. ಅಮ್ಮ ವಿಡಿಯೋ ಕರೆ ಮಾಡಿ ಶಾಯಿ ಹಚ್ಚಿದ ಎಡಗೈ ಬೆರಳು ತೋರಿಸಿದಳು. ಅಷ್ಟರಲ್ಲಿ ಆಂಟಿ ಗಂಜಿಯ ಪಾತ್ರೆ ಹಿಡಿದು ಬಂದರು. ಅಮ್ಮನಿಗೆ ತಾವೂ ಬೆರಳೆತ್ತಿ ತೋರಿಸಿದರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಬೆರಳು ಹಾಗೇ ಹಿಡಿದುಕೊಂಡು ನಗುತ್ತಾ ಕೂತರು.

ಪಾತ್ರೆ ಹಿಂತಿರುಗಿಸಲು ಹೋದಾಗ ನೋಡಿದೆ: ಒಂದು ಚೀಲ ಬಿಚ್ಚಿದ್ದರು. ಇನ್ನೊಂದರ ಹೊಲಿಗೆ ಹಾಗೇ ಇತ್ತು.