ಹಳೆ ಕಾರಿನ ರೇಡಿಯೇಟರ್ ಫ್ಯಾನ್ ಮತ್ತೆ ತಿರುಗಿತು: ಕೆಲಸದ ಟಿಪ್ಪಣಿ

ಶನಿವಾರ ಬೆಳಗ್ಗೆ

ಕಾರು 2005ರ ಮಾಡೆಲ್, ಪೆಟ್ರೋಲ್. ನನ್ನ ಹತ್ತಿರ ಬರುವ ಮೊದಲು ಇಬ್ಬರ ಕೈ ದಾಟಿದೆ. ತೊಂದರೆ ಇಷ್ಟು: ತುಮಕೂರು ರಸ್ತೆಯಲ್ಲಿ ಒಂದೇ ಸಮ ಓಡುತ್ತಿದ್ದರೆ ಟೆಂಪರೇಚರ್ ಮುಳ್ಳು ಕೆಳಗೇ ಬಿದ್ದಿರುತ್ತದೆ. ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ನಿಂತರೆ ಮೆಲ್ಲಗೆ ಏರಿ ಕೆಂಪು ಗೆರೆಯ ಹತ್ತಿರ ಹೋಗುತ್ತದೆ. ಎಸಿ ಹಾಕಿದರೆ ಮತ್ತೆ ಇಳಿಯುತ್ತದೆ.

ಎಸಿ ಹಾಕಿದರೆ ಇಂಜಿನ್‌ಗೆ ಹೊರೆ ಜಾಸ್ತಿ, ಬಿಸಿ ಏರಬೇಕು ಅಲ್ವಾ? ಇಳಿಯುತ್ತಿದೆ ಅಂದರೆ ಅದಕ್ಕೆ ಕಾರಣ ಗಾಳಿ. ಈ ಕಾರಿನಲ್ಲಿ ಎಸಿ ಕಂಡೆನ್ಸರ್‌ಗೆ (ಎಸಿಯ ಬಿಸಿ ಹೊರಬಿಡುವ ಜಾಲರಿ) ಬೇರೆ ಫ್ಯಾನ್ ಇದೆ, ಅದು ತಿರುಗಿದಾಗ ಹಿಂದಿರುವ, ಇಂಜಿನ್ ನೀರು ತಣಿಸುವ ರೇಡಿಯೇಟರ್‌ಗೂ ಗಾಳಿ ಸಿಗುತ್ತದೆ. ಓಡುವಾಗ ಎದುರುಗಾಳಿಯೇ ಸಾಕು. ಹಾಗಾಗಿ ರೇಡಿಯೇಟರ್‌ನ ಸ್ವಂತ ಫ್ಯಾನ್ ತಿರುಗುತ್ತಿಲ್ಲ ಅನ್ನುವುದು ಬಾನೆಟ್ ಎತ್ತುವ ಮೊದಲೇ ಗೊತ್ತಾಗಿತ್ತು.

ಗ್ಯಾರೇಜಿನಲ್ಲಿ ಕೇಳಿದಾಗ ಹುಡುಗ ಫ್ಯಾನಿನ ಪ್ಲಗ್‌ಗೆ ಬ್ಯಾಟರಿಯಿಂದ ಒಂದು ಪ್ಲಸ್ ವೈರ್ ಮುಟ್ಟಿಸಿ ನೋಡಿದ. "ಮೋಟಾರ್ ಹೋಗಿದೆ ಸಾರ್. ಹೊಸದು ಹಾಕಿ ಡೈರೆಕ್ಟ್ ಕೊಟ್ಬಿಡೋಣ, ತಲೆನೋವೇ ಇರಲ್ಲ" ಅಂದ. ಡೈರೆಕ್ಟ್ ಅಂದರೆ ಕೀ ಆನ್ ಮಾಡಿದ ತಕ್ಷಣ ಫ್ಯಾನ್ ಶುರು, ಆಫ್ ಮಾಡುವ ತನಕ ತಿರುಗುತ್ತಲೇ ಇರುತ್ತದೆ. ನನಗೆ ಇದು ಒಪ್ಪಿಗೆ ಇಲ್ಲ. ಮೋಟಾರಿನ ಬ್ರಷ್ ಬೇಗ ಸವೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೆಟ್ಟಿದ್ದು ಯಾವುದು ಅಂತ ಗೊತ್ತಾಗದೆ ಹಾಗೇ ಉಳಿದುಬಿಡುತ್ತದೆ. ಕಾರನ್ನು ಮನೆಗೆ ತಂದೆ.

ಇಂಜಿನ್ ಪೂರ್ತಿ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದೆ. ಬಿಸಿ ಇರುವಾಗ ಅದನ್ನು ಯಾರೂ ಮುಟ್ಟಬಾರದು, ಒಳಗೆ ಒತ್ತಡದಲ್ಲಿರುವ ನೀರು ಮುಖಕ್ಕೇ ಹಾರುತ್ತದೆ. ಕೂಲೆಂಟ್ (ಇಂಜಿನ್ ತಣಿಸುವ ದ್ರವ) ಸ್ವಲ್ಪ ಕಡಿಮೆ ಇತ್ತು, ತುಂಬಿಸಿದೆ. ಇದನ್ನು ಮೊದಲು ನೋಡಬೇಕು, ಯಾಕೆಂದರೆ ನೀರು ಕೆಳಗಿಳಿದಿದ್ದರೆ ನೀರು ಬಿಸಿಯಾದಾಗ ಫ್ಯಾನ್ ಹಾಕುವ ಥರ್ಮೋ ಸ್ವಿಚ್‌ಗೆ ಬಿಸಿ ಸರಿಯಾಗಿ ಮುಟ್ಟುವುದೇ ಇಲ್ಲ.

ಫ್ಯೂಸ್ ಸರಿ ಇತ್ತು. ಕೀ ಆನ್ ಮಾಡಿ, ರೇಡಿಯೇಟರ್‌ನಲ್ಲಿರುವ ಥರ್ಮೋ ಸ್ವಿಚ್‌ನ ಕನೆಕ್ಟರ್ ಕಳಚಿ, ಅದರ ಎರಡು ಪಿನ್‌ಗಳನ್ನು ಒಂದು ತುಂಡು ವೈರಿನಿಂದ ಸೇರಿಸಿದೆ. ರಿಲೇ (ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್) ಟಿಕ್ ಅಂತು, ಫ್ಯಾನ್ ಅಲುಗಲಿಲ್ಲ. ಹಾರ್ನ್‌ಗೂ ಅದೇ ನಂಬರಿನ ರಿಲೇ ಇದೆ. ಅದಲು ಬದಲು ಮಾಡಿದರೂ ಅಷ್ಟೇ.

ಆಮೇಲೆ ಮೋಟಾರಿಗೆ ಬ್ಯಾಟರಿಯಿಂದ ಎರಡು ವೈರ್ ಎಳೆದೆ, ಪ್ಲಸ್ಸೂ ಮೈನಸ್ಸೂ. ಫ್ಯಾನ್ ಭರ್ರಂತ ತಿರುಗಿತು. ಗ್ಯಾರೇಜಿನಲ್ಲಿ ಕೊಟ್ಟಿದ್ದು ಪ್ಲಸ್ ಮಾತ್ರ, ಮೈನಸ್ ಕಾರಿನ ವೈರಿನಿಂದಲೇ ಬರಬೇಕಿತ್ತು. ಕೆಟ್ಟಿದ್ದು ಅದೇ. ಹೊಸ ಮೋಟಾರ್ ತಂದು ಹಾಕಿದ್ದರೂ ತಿರುಗುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ

ಮೋಟಾರಿನ ಪ್ಲಗ್ ಬಿಚ್ಚಿ ಮಲ್ಟಿಮೀಟರ್ ಇಟ್ಟರೆ 12.4 ವೋಲ್ಟ್ ತೋರಿಸುತ್ತದೆ. ಹುಷಾರಾಗಿರಬೇಕಾದ್ದು ಇಲ್ಲೇ. ಮೀಟರ್ ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕಸ ಕಟ್ಟಿಕೊಂಡ ನಲ್ಲಿಯಲ್ಲಿ ಹನಿ ನೀರು ಬರುವ ಹಾಗೆ, ತುಕ್ಕು ಹಿಡಿದ ಜಾಯಿಂಟ್‌ನಲ್ಲೂ ಅಷ್ಟು ಕರೆಂಟ್ ದಾಟುತ್ತದೆ. ಫ್ಯಾನ್ ಕೇಳುವುದು ಹಲವಾರು ಆಂಪಿಯರ್.

ಅದಕ್ಕೆ ಹಳೆಯ ಹೆಡ್‌ಲೈಟ್ ಬಲ್ಬನ್ನು ಪ್ಲಗ್‌ಗೆ ಸೇರಿಸಿದೆ. ಬಲ್ಬು ಕೆಂಪಗೆ ಮಿಣುಕಿತು. ಅಳೆದರೆ ಮೂರು ವೋಲ್ಟ್. ಬಲ್ಬು ಉರಿಯುತ್ತಿರುವಾಗಲೇ ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿ ಮೈನಸ್‌ಗೆ, ಕೆಂಪು ಕಡ್ಡಿಯನ್ನು ಪ್ಲಗ್‌ನ ಕಪ್ಪು ವೈರಿಗೆ ಇಟ್ಟೆ. ಒಂಬತ್ತು ವೋಲ್ಟ್ ಹತ್ತಿರ. ಅರ್ಥಿಂಗ್, ಅಂದರೆ ಕಾರಿನ ಬಾಡಿ ಮೂಲಕ ಬ್ಯಾಟರಿ ಮೈನಸ್‌ಗೆ ಹೋಗುವ ದಾರಿ, ಸರಿ ಇದ್ದರೆ ಇಲ್ಲಿ ಅರ್ಧ ವೋಲ್ಟೂ ಇರಬಾರದು.

ವೈರ್ ಹಿಡಿದುಕೊಂಡು ಹೋದರೆ ಎಡಗಡೆ ಹೆಡ್‌ಲೈಟ್ ಹಿಂದೆ ಕಾರಿನ ಬಾಡಿಗೆ ಬೋಲ್ಟ್ ಮಾಡಿದ ಲಗ್ (ವೈರಿನ ತುದಿಗೆ ಒತ್ತುವ ಲೋಹದ ತುಂಡು) ಸಿಕ್ಕಿತು. ಮುಂಭಾಗಕ್ಕೆ ಯಾವಾಗಲೋ ಪೆಟ್ಟು ಬಿದ್ದು ಪೇಂಟ್ ಆಗಿದೆ. ಬೋಲ್ಟ್ ಬಿಚ್ಚಿ ನೋಡಿದರೆ ಲಗ್‌ನ ಕೆಳಗೂ ಬಾಡಿ ಬಣ್ಣವೇ, ಲೋಹ ಕಾಣುತ್ತಿದ್ದದ್ದು ಬೋಲ್ಟಿನ ಮರೆಯಲ್ಲಿ ಒಂದು ಗೀರು ಮಾತ್ರ. ಲಗ್ ಒಳಗೆ ತಾಮ್ರದ ಎಳೆಗಳು ಹಸಿರು ಪುಡಿಯಾಗಿ ಉದುರಿದವು. ಗಟ್ಟಿ ಉಳಿದಿದ್ದು ಎರಡೋ ಮೂರೋ ಎಳೆ.

ಕೆಟ್ಟ ತುದಿ ಕತ್ತರಿಸಿ, ಹೊಳೆಯುವ ತಾಮ್ರ ಬರುವ ತನಕ ಸುಲಿದು, ಹೊಸ ಲಗ್ ಒತ್ತಿದೆ. ಬಾಡಿಯನ್ನು ಮರಳು ಕಾಗದದಿಂದ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಬಳಿದೆ. ಈಗ ಅದೇ ಜಾಗದಲ್ಲಿ 0.1 ವೋಲ್ಟ್. ಸ್ವಿಚ್ ಕನೆಕ್ಟರ್‌ನ ಪಿನ್‌ಗಳನ್ನು ವೈರಿನಿಂದ ಸೇರಿಸಿದ ಕೂಡಲೇ ಫ್ಯಾನ್ ಎದ್ದಿತು. ಬಹಳ ಖುಷಿಯಾಯಿತು.

ಭಾನುವಾರ

ಫ್ಯಾನ್ ತಾನಾಗೇ ಬರಬೇಕಲ್ಲ, ಅದಕ್ಕೆ ಇಂಜಿನ್ ಐಡ್ಲಿಂಗ್‌ನಲ್ಲಿ ಬಿಟ್ಟು ಕಾದೆ. ಬಿಸಿ ಏರುವುದಕ್ಕೇ ಯುಗ ಹಿಡಿಯಿತು. ರೇಡಿಯೇಟರ್‌ನ ಮೇಲಿನ ಹೋಸ್, ಕೆಳಗಿನ ಹೋಸ್ ಎರಡೂ ಶುರುವಿನಿಂದಲೇ ಒಟ್ಟಿಗೆ ಬೆಚ್ಚಗಾಗುತ್ತಿದ್ದವು. ಥರ್ಮೋಸ್ಟಾಟ್ ವಾಲ್ವ್ ಸರಿ ಇದ್ದರೆ ಹೀಗಾಗದು. ಇಂಜಿನ್ ಬಿಸಿಯಾಗುವ ತನಕ ಅದು ದಾರಿ ಮುಚ್ಚಿರುತ್ತದೆ, ತೆರೆದ ಮೇಲಷ್ಟೇ ರೇಡಿಯೇಟರ್‌ಗೆ ಬಿಸಿನೀರು. ತಣ್ಣಗಾದ ಮೇಲೆ ವಾಲ್ವ್ ಕೂರುವ ಹೌಸಿಂಗ್ ಬಿಚ್ಚಿದೆ. ಗ್ಯಾಸ್ಕೆಟ್ ಇದೆ, ವಾಲ್ವೇ ಇಲ್ಲ!

ಏನಾಗಿರಬಹುದು ಅಂತ ಊಹಿಸಬಹುದು. ಫ್ಯಾನ್ ನಿಂತಿತು, ಬಿಸಿ ಏರಿತು, ಯಾರೋ ವಾಲ್ವ್ ಕಿತ್ತು "ಈಗ ಸರಿಯಾಯ್ತು" ಅಂದರು. ನಮ್ಮಲ್ಲಿ ಇದು ಮಾಮೂಲಿ ಸಲಹೆ. ಆದರೆ ವಾಲ್ವ್ ಇಲ್ಲದ ಇಂಜಿನ್ ಹೆದ್ದಾರಿಯಲ್ಲಿ ಸರಿಯಾಗಿ ಕಾಯುವುದೇ ಇಲ್ಲ. ತಣ್ಣಗಿದೆ ಅಂದುಕೊಂಡು ಇಸಿಯು (ಇಂಜಿನ್ನಿನ ಕಂಪ್ಯೂಟರ್) ಪೆಟ್ರೋಲ್ ಜಾಸ್ತಿ ಬಿಡುತ್ತದೆ, ಮೈಲೇಜ್ ಬೀಳುತ್ತದೆ. ಆ ಕೆಳಗೆ ಬಿದ್ದ ಮುಳ್ಳಿಗೆ ಕಾರಣ ಇದು.

ಕೂಲೆಂಟ್ ಹೇಗೂ ಇಳಿಸಿದ್ದರಿಂದ ಥರ್ಮೋ ಸ್ವಿಚ್ಚನ್ನೂ ಬಿಚ್ಚಿ, ಹಳೆ ಪಾತ್ರೆಯಲ್ಲಿ ನೀರು ಕಾಯಿಸಿ ಪರೀಕ್ಷೆ ಮಾಡಿದೆ. ಮೈಮೇಲೆ 92-87 ಅಂತ ಕೊರೆದಿದೆ: 92 ಡಿಗ್ರಿಗೆ ಒಳಗಿನ ಸಂಪರ್ಕ ಸೇರಬೇಕು, 87ಕ್ಕೆ ಬಿಡಬೇಕು. ಸ್ವಿಚ್‌ಗೆ ಹಾಕಿದ ಮಲ್ಟಿಮೀಟರ್ 93ಕ್ಕೆ ಬೀಪ್ ಅಂತು. ಒಂದು ಮಾತು: ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97ಕ್ಕೇ ಕುದಿಯುತ್ತದೆ. ನಿಮ್ಮ ಸ್ವಿಚ್ 98ರದ್ದಾದರೆ ಕುದಿಯುವ ನೀರಿನಲ್ಲೂ ಸೇರದು. ಕೆಟ್ಟಿದೆ ಅಂತ ಎಸೆಯಬೇಡಿ.

ಇಳಿಸಿದ ಕೂಲೆಂಟ್ ಮುಚ್ಚಳದ ಕ್ಯಾನ್‌ನಲ್ಲಿದೆ. ಅದು ಸಿಹಿ ರುಚಿಯ ವಿಷ, ಬೀದಿ ನಾಯಿಗಳು ನೆಕ್ಕಿದರೆ ಸಾಯುತ್ತವೆ.

ಮುಂದಿನ ಶನಿವಾರ

ಜೆ.ಸಿ. ರಸ್ತೆಯಲ್ಲಿ 82 ಡಿಗ್ರಿಯ ವಾಲ್ವ್ ಸಿಕ್ಕಿತು. ಹಾಕುವ ಮೊದಲು ಅದನ್ನೂ ಬಿಸಿನೀರಿನಲ್ಲಿ ನೋಡಿದೆ, ಸರಿಯಾಗಿ ತೆರೆಯಿತು. ಗಾಳಿ ಹೋಗುವ ಪುಟ್ಟ ಪಿನ್ ಮೇಲ್ಗಡೆ ಬರುವ ಹಾಗೆ ಕೂರಿಸಿ, ಹೀಟರ್ ಪೂರ್ತಿ ತೆರೆದು ಕೂಲೆಂಟ್ ತುಂಬಿದೆ. ಗುಳ್ಳೆ ನಿಲ್ಲುವ ತನಕ ಇಂಜಿನ್ ಓಡಿಸಿದೆ.

ಈಗ ಮೇಲಿನ ಹೋಸ್ ಮೊದಲು ತಣ್ಣಗೇ ಇದ್ದು, ಆಮೇಲೆ ಒಮ್ಮೆಲೇ ಬಿಸಿಯಾಗುತ್ತದೆ. ಮುಳ್ಳು ಅರ್ಧಕ್ಕಿಂತ ಚೂರು ಕೆಳಗೆ ನಿಲ್ಲುತ್ತದೆ. ಎಸಿ ಹಾಕದೆ ನಿಲ್ಲಿಸಿದಲ್ಲೇ ಬಿಟ್ಟರೆ ಫ್ಯಾನ್ ತಾನೇ ಬಂದು, ಸ್ವಲ್ಪ ಹೊತ್ತು ತಿರುಗಿ, ತಾನೇ ನಿಲ್ಲುತ್ತದೆ. ಹೀಗೆ ಮತ್ತೆ ಮತ್ತೆ ಆಗುವ ತನಕ ಪಕ್ಕದಲ್ಲೇ ನಿಂತು ನೋಡಿದೆ. ರೇಡಿಯೇಟರ್ ಮುಚ್ಚಳದ ರಬ್ಬರ್ ಗಟ್ಟಿಯಾಗಿದೆ, ಈ ವಾರ ಹೊಸದು ತರಬೇಕು. ಬಲಗಡೆ ಹೆಡ್‌ಲೈಟ್ ಹಿಂದೆಯೂ ಅಂಥದ್ದೇ ಅರ್ಥಿಂಗ್ ಬೋಲ್ಟ್ ಇದೆ, ಬಣ್ಣ ಬಳಿದದ್ದೇ. ನಾಳೆ ಅದನ್ನು ಬಿಚ್ಚುತ್ತೇನೆ.